ಕೆಂಚುಗೂದಲ ಗಾಳ

ಉಡಚಪ್ಪ ಗಾಳಕ್ಕೆ ಕಟ್ಟಿದ ಹುಸಿಹುಳವನ್ನು ನಂಬಿ ಮೋಸಹೋದವರಲ್ಲಿ ಮೀನುಗಳ ಪಾಲು ಕಡಿಮೆ. ಜಂತಿಗೆ ಸಿಗಿಸಿಟ್ಟ ಹುಳವನ್ನು ನುಂಗಲು ಹೋಗಿ ಅವನ ಮನೆಯ ಹಲ್ಲಿಗಳು ತಲೆಮಾರುಗಟ್ಟಲೆ ತುಟಿ ಹರಿದುಕೊಂಡವು. ಒಂದು ಗುಬ್ಬಿ ಅದನ್ನು ಎತ್ತಿಕೊಂಡು ಹೋಗಿ ಮರಿಗಳಿಗೆ ತಿನ್ನಿಸಲು ನೋಡಿತು. ಮರಿಗಳು ಬಾಯಿ ತೆರೆಯಲಿಲ್ಲ. ಇವಕ್ಕೆ ಸೊಕ್ಕು ಬಂದಿದೆ ಎಂದು ಗೂಡನ್ನೇ ಬಿಟ್ಟು ಹೋಯಿತಂತೆ. ಲಕ್ಷ್ಮೇಶ್ವರದ ಸಂತೆಗೆ ಒಣಮೀನು ಒಯ್ದ ದಿನ ಅವನ ರುಮಾಲಿಗೆ ಚುಚ್ಚಿದ್ದ ಹುಳ ಕಂಡು ಯಾರೋ ಹಿರಿಯರು, ಪಾಪ, ಉಪಕಾರ ಮಾಡಲು ಹೋಗಿ ಬಡಿಗೆಯಿಂದ ಬಾರಿಸಿಬಿಟ್ಟರು. ಗುಬ್ಬಿಯ ಸಂಗತಿಯಲ್ಲಿ ಕೊಂಚ ಉಪ್ಪುಖಾರ ಹೆಚ್ಚಾಗಿರಬಹುದು. ಬಡಿಗೆಯ ಏಟು ಮಾತ್ರ ಖರೆ; ಅದರ ಗುರುತು ಹಣೆಯ ಮೇಲೆ ಕೊನೆತನಕ ಇತ್ತು.

ಉಡಚಪ್ಪ ಅಂಬಿಗರವನು. ಮುಂಡರಗಿಯಿಂದ ತೆಂಕಣಕ್ಕೆ, ತುಂಗಭದ್ರೆ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗಿ ಆಳದ ಮಡುವಾಗಿ ನಿಲ್ಲುವ ಕಡೆ ಅವನ ಊರು, ಮಡುವಿನಹಾಳ. ವರ್ಷವಿಡೀ ಬಲೆ ಬೀಸುವವನೇ. ಆದರೆ ಮುಂಗಾರಿನ ಮೊದಲ ಮಳೆ ಬಿದ್ದ ಮರುಸಂಜೆ ಹುತ್ತಗಳ ಬಾಯಿ ಬಿಚ್ಚಿ, ರೆಕ್ಕೆ ಬಂದ ಗೆದ್ದಲು ಹೊಗೆಯಂತೆ ಮೇಲೇಳುತ್ತದಲ್ಲ, ಅಲ್ಲಿಯವರು ಮಳಿಹುಳ ಅನ್ನುತ್ತಾರೆ, ಆ ಸಂಜೆ ಅಂಬಿಗರಾರೂ ಬಲೆ ಮುಟ್ಟುತ್ತಿರಲಿಲ್ಲ. ಹೊಳೆಯ ಮೀನಿಗೆ ಆಕಾಶದಿಂದ ಊಟ ಬೀಳುವ ದಿನ ಅದು. ಉಣ್ಣುವವರ ಪಂಕ್ತಿಯ ಮೇಲೆ ಬಲೆ ಬೀಸಬಾರದು ಎಂಬುದು ಅವರ ಕಟ್ಟಳೆ. ಗಾಳ ಹಾಕಬಹುದು, ಒಬ್ಬನಿಗೆ ಒಂದು. ಪಂಕ್ತಿಯಲ್ಲಿ ಒಬ್ಬನನ್ನೇ ಕೈಹಿಡಿದು ಎಬ್ಬಿಸಿಕೊಂಡು ಬಂದರೆ ಮರ್ಯಾದೆ ಕೆಡುವುದಿಲ್ಲವಂತೆ.

ತೊಂದರೆ ಏನೆಂದರೆ ಮಳಿಹುಳದ ಮೈ ಬೆಣ್ಣೆ. ಗಾಳಕ್ಕೆ ಚುಚ್ಚಿದರೆ ನೀರು ಮುಟ್ಟುವ ಮೊದಲೇ ಕಳಚಿ ಬೀಳುತ್ತದೆ. ಅದಕ್ಕೇ ಉಡಚಪ್ಪ ಹುಳವನ್ನು ತಾನೇ ಕಟ್ಟುತ್ತಿದ್ದ. ಮೈಗೆ ಬೆಟಗೇರಿಯ ಮಗ್ಗದಡಿ ಬಿದ್ದ ರೇಷ್ಮೆಯ ತುಂಡುನೂಲು. ರೆಕ್ಕೆಗೆ ಹೆಂಡತಿ ದೇವವ್ವನ ಕೂದಲು.

ದೇವವ್ವನದು ಕೆಂಚುಗೂದಲು, ಊರಿಗೆಲ್ಲ ಆಕೆಯೊಬ್ಬಳದೇ. ಸಂಜೆಬಿಸಿಲಿಗೆ ತಲೆ ಬಿಚ್ಚಿ ನಿಂತರೆ ಬಣವೆಗೆ ಬೆಂಕಿ ಬಿತ್ತೆಂದು ಮಂದಿ ಕೊಡ ಎತ್ತಿಕೊಂಡು ಓಡಿ ಬರುತ್ತಿದ್ದರು. ಅದೇ ಕೂದಲು ನೀರಲ್ಲಿ ನೆನೆದರೆ ಮಳಿಹುಳದ ರೆಕ್ಕೆಯ ಹಾಗೆ ತೆಳು ಜೇನಿನ ಬಣ್ಣ. ಬಾಚುವಾಗ ಉದುರಿದ ಕೂದಲನ್ನು ಹೆಣ್ಣುಮಕ್ಕಳು ಕಂಡಲ್ಲಿ ಒಗೆಯುವುದಿಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಸಂದಿಗೆ ತುರುಕಿಡುತ್ತಾರೆ. ಬೆಟಗೇರಿಯ ಲಾಲಬಿ ಸೂಜಿ, ಪಿನ್ನು, ಬಾಚಣಿಗೆ ಹೊತ್ತು ಊರೂರು ತಿರುಗುತ್ತ ಬಂದಾಗ ಆ ಉಂಡೆಗಳನ್ನು ಕೊಟ್ಟು ಸೂಜಿ ಇಸಗೊಳ್ಳುವುದು ರೂಢಿ. ದೇವವ್ವ ಅರ್ಧ ಕೂದಲನ್ನು ಲಾಲಬಿಗೆ ಕೊಟ್ಟು ಅರ್ಧ ಗಂಡನಿಗೆ ಇಡುತ್ತಿದ್ದಳು.

“ನನ್ನ ತಲಿ ಬೋಳಾದ ಮ್ಯಾಲೆ ಏನ ಮಾಡ್ತೀ?” ಎಂದು ಕೇಳುತ್ತಿದ್ದಳು.

“ಅಷ್ಟೊತ್ತಿಗೆ ಮೀನಿಗೂ ಹಲ್ಲ ಬಿದ್ದಿರತಾವ ಬಿಡ,” ಅನ್ನುತ್ತಿದ್ದ.

ಇದ್ದೊಬ್ಬ ಮಗಳು ಮಂಜವ್ವ. ತಾಯಿಯ ಮೂಗು, ತಾಯಿಯ ನಗು, ತಾಯಿಯ ನಾಲಿಗೆ ಎಲ್ಲ ಬಂತು. ಕೆಂಚು ಬರಲಿಲ್ಲ. ಆಕೆಯದು ಅಪ್ಪನ ಕಾಡಿಗೆಗಪ್ಪು ಕೂದಲು.

ದಿಲ್ಲಿಯಲ್ಲಿ ಝಂಡಾ ಏರಿದ ವಾರದೊಪ್ಪತ್ತಿಗೆ ನಾಗರಪಂಚಮಿ ಬಂತು. ದೇವವ್ವ ಆಚೆ ದಂಡೆಯ ತವರಿಗೆ ಹೋಗಿ, ಹುತ್ತಕ್ಕೆ ಹಾಲೆರೆದು, ಪಂಚಮಿ ಉಂಡಿಯ ಗಂಟು ಕಟ್ಟಿಕೊಂಡು ಹರಗೋಲಿನಲ್ಲಿ ಮರಳುತ್ತಿದ್ದಳು. ತುಂಬಿದ ಹೊಳೆ. ನಡುನೀರಲ್ಲಿ ಹರಗೋಲು ಬುಗುರಿಯಂತೆ ಸುತ್ತಿ ಮಗುಚಿತು. ಉಳಿದವರು ಈಜಿ ದಂಡೆ ಹತ್ತಿದರು. ದೇವವ್ವನಿಗೂ ಈಜು ಬರುತ್ತಿತ್ತು. ಆದರೆ ಮೇಲೆ ಬಂದದ್ದು ಉಂಡಿಯ ಗಂಟು ಮಾತ್ರ.

ಹೊಳೆಯ ಈಚೆ ಮುಂಬಯಿ ಪ್ರಾಂತ, ಆಚೆ ಮದರಾಸು. ಈಚೆಯ ಪಾಟೀಲರು, “ಹೆಣ ಆಚಿ ದಂಡಿಗೆ ಹತ್ತಿರತೈತಿ, ಅಲ್ಲಿ ಹೋಗಿ ಕೇಳಪಾ,” ಅಂದರು. ಆಚೆ ದಂಡೆಯವರು, “ಮುಳುಗಿದ್ದು ನಿಮ್ಮ ಮಗ್ಗಲಿಗೆ, ನಿಮ್ಮವರನ್ನ ಕೇಳು,” ಅಂದರು. ಹೊಸದಾಗಿ ಸ್ವತಂತ್ರವಾದ ದೇಶದಲ್ಲಿ ದೇವವ್ವನಷ್ಟು ಸ್ವತಂತ್ರಳು ಇನ್ನೊಬ್ಬಳಿರಲಿಲ್ಲ. ಯಾವ ಸರಕಾರದ ಕೈಗೂ ಸಿಗಲಿಲ್ಲ. ಉಡಚಪ್ಪ ದಂಡೆ ಹಿಡಿದು ಕೆಳಗೆ ಕೆಳಗೆ ನಡೆದ. ಆಮೆಗಳು ಕೂತ ಬಂಡೆಗಳನ್ನೂ, ನಾಯಿಗಳು ಜಗಳಾಡುವ ಮರಳುದಿಣ್ಣೆಗಳನ್ನೂ ನೋಡಿದ. ನಾಯಿಗಳ ಹತ್ತಿರ ಹೋಗುವಾಗ ಕಣ್ಣು ಮುಚ್ಚಿಕೊಂಡು ಹೋಗಿ, ಆಮೇಲೆ ತೆರೆಯುತ್ತಿದ್ದ. ಏನೂ ಸಿಗಲಿಲ್ಲ.

ಅಂಬಿಗರ ಹಿರಿಯ ಹೇಮಪ್ಪ ಹೇಳಿದ: “ಮೈದಾಗಿಂದು ಏನರ ಒಂದು ಬೇಕಪಾ. ಉಗುರಾದ್ರೂ ಆತು. ಏನೂ ಇಲ್ಲದ ಖಾಲಿ ತೆಗ್ಗಿಗೆ ಮಣ್ಣ ಹೆಂಗ ಕೊಡೂದು? ಕಾಯೂಣು.”

ಕಾದರು. ಮಣ್ಣಾಗದೆ ಮುಂದಿನ ದಿನಕರ್ಮ ಆಗುವಂತಿಲ್ಲ. ದೇವವ್ವ ಸತ್ತವರ ಲೆಕ್ಕಕ್ಕೂ ಸೇರದೆ, ಇದ್ದವರ ಲೆಕ್ಕಕ್ಕೂ ಸೇರದೆ ವರ್ಷಗಳು ಉರುಳಿದವು. ಕೂದಲಿನ ಉಂಡೆಗಳು ಅಷ್ಟು ದಿನವೂ ಗೋಡೆಯ ಸಂದಿಯಲ್ಲೇ ಇದ್ದವು, ಯಾರ ತಲೆಗೂ ಹೊಳೆಯಲಿಲ್ಲ. ಉದುರಿದ ಕೂದಲೆಂದರೆ ಅವರಿಗೆ ಸೂಜಿ-ಪಿನ್ನಿನ ವ್ಯವಹಾರದ ಸಾಮಾನು. ಹೆಣ ಹುಡುಕುವವರು ಹೊಳೆ ನೋಡುತ್ತಾರೆ, ಗೋಡೆ ನೋಡುವುದಿಲ್ಲ.

ಉಡಚಪ್ಪ ಪ್ರತಿ ಮುಂಗಾರಿಗೂ ಒಂದೊಂದು ಉಂಡೆ ತೆಗೆದು ಹುಳ ಕಟ್ಟಿದ. ಕೂದಲು ಬಿಡಿಸುವಾಗ ಬೆರಳಿಗೆ ಆಕೆಯ ತಲೆಯ ಔಡಲೆಣ್ಣೆಯ ವಾಸನೆ ಹತ್ತುತ್ತಿತ್ತು. ಆ ದಿನ ಕೈ ತೊಳೆಯದೆ ಉಣ್ಣುತ್ತಿದ್ದ. ಕಡೆಯ ಉಂಡೆಯ ಹುಳವನ್ನು ಗೌಡ ಹರಿದುಕೊಂಡು ಹೋದ.

ಗೌಡ ಎಂದರೆ ಮಡುವಿನ ಮೀನು. ತಾಮ್ರದ ಹುರುಪೆಯ ಮುದಿಯ. ಬಂಡೆಯಡಿ ಚಾವಡಿಯಲ್ಲಿ ಕೂತ ಹಾಗೆ ಕೂತಿರುತ್ತಿದ್ದುದರಿಂದ ಊರವರಿಟ್ಟ ಹೆಸರು. ಅದು ಮಗ್ಗುಲು ಹೊರಳಿದರೆ ದಂಡೆಯ ಮೇಲೆ ಬಟ್ಟೆ ಒಗೆಯುವವರ ಮೊಣಕಾಲು ತೋಯುತ್ತಿತ್ತು. ಆಕಳಿಸಿದರೆ ಶಿರಹಟ್ಟಿಯ ತನಕ ಮೀನಿನ ವಾಸನೆ ಹೋಗುತ್ತಿತ್ತು ಎನ್ನುವವರೂ ಇದ್ದರು. ಅದು ದಾರ ಹರಿದಾಗ ಉಡಚಪ್ಪ ನಕ್ಕುಬಿಟ್ಟ. ಕಳೆದದ್ದು ಏನೆಂದು ಆಗ ಅವನಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮರುಬೇಸಿಗೆಯಲ್ಲಿ. ಕೆಳಗೆ ಹೊಸಪೇಟೆ ಕಡೆ ಕಟ್ಟಿದ ಆಣೆಕಟ್ಟಿನ ಹಿನ್ನೀರು ಈ ಮಳೆಗಾಲಕ್ಕೆ ಮಡುವಿನಹಾಳದ ಮೇಲೆ ಬರುತ್ತದೆ, ಊರು ದಿಬ್ಬ ಹತ್ತಬೇಕು ಎಂದು ಹುಕುಂ ಆಯಿತು. ಮಂದಿ ಬಾಗಿಲು, ತೊಲೆ, ಒರಳು, ದೇವರು ಎಲ್ಲ ಹೊತ್ತರು. ತಮ್ಮ ತಮ್ಮ ಸತ್ತವರ ಗುಂಡಿಯಿಂದ ಒಂದು ಹಿಡಿ ಮಣ್ಣನ್ನೂ ಹೊಸ ಊರಿಗೆ ಒಯ್ಯತೊಡಗಿದರು. ಹೇಮಪ್ಪ ಉಡಚಪ್ಪನ ಕಟ್ಟೆಗೆ ಬಂದು ಕೂತ.

“ನೀ ಯಾವ ಮಣ್ಣ ಒಯ್ಯತೀಲೇ?”

“ನನ್ನ ಕಡೆ ಏನೈತ್ರಿ ಹೇಮಣ್ಣಾರ.”

“ಅದನ್ನ ಹೇಳಾಕ ಬಂದೇನಿ. ಆಚಿ ದಂಡಿ ಬೀಗರು ಹೇಳಿಕಳಿಸ್ಯಾರ. ಮಂಜವ್ವನ ತಾಯಿ ಸತ್ತಾಳೋ, ಇದ್ದಾಳೋ? ಸತ್ತಿದ್ರ ಮಣ್ಣ ಎಲ್ಲೈತಿ, ಇದ್ರ ಮಗಳ ಮದುವಿ ಅಕ್ಕಿಕಾಳಿಗೆ ಯಾಕ ಬರವಲ್ಲಳು ಅಂತಾರ. ತಾಯಿ ಮಣ್ಣ ಆಗದ ಆ ಹುಡುಗೀನ್ನ ಹೊಸ್ತಿಲಾ ದಾಟಿಸಿಕೊಳ್ಳೂದಿಲ್ಲಂತ.”

ಆಚೆ ದಂಡೆಯಲ್ಲಿ ಮಂಜವ್ವನಿಗೆ ವರ ಗೊತ್ತಾಗಿತ್ತು. ಒಳಗೆ ಕಾಳು ಹಸನು ಮಾಡುತ್ತಿದ್ದ ಮಂಜವ್ವನ ಮೊರ ನಿಂತಿತು. ಹುಡುಗಿಗೆ ಆ ವರ ಮನಸ್ಸಿಗೆ ಬಂದಿದ್ದ. ಆಚೆ ದಂಡೆಯಲ್ಲಿ ಹುಟ್ಟುಹಾಕುವವರಲ್ಲಿ ಯಾರ ತೋಳು ಅವನದು ಎಂದು ಈಚೆ ದಂಡೆಯಿಂದಲೇ ಹೇಳುತ್ತಿದ್ದಳು. ಆಕೆ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದಳು: “ಯಪ್ಪಾ, ಗ್ವಾಡ್ಯಾಗ ಅವ್ವನ ಕೂದಲಾ ಇತ್ತಲ್ಲ? ಅದು ನಡೀತೈತೇನು?”

ಹೇಮಪ್ಪ ತೊಡೆ ಬಡಿದ. “ನಡೀಲಾರದ ಏನು! ತಲೀ ಮ್ಯಾಲಿನ ಕೂದಲಾ ಅಂದ್ರ ತಲೀನ. ಎಂಥಾ ಮಂದಿ ಅದೇವಿ ನಾವು, ಆಕೀನ್ನ ಗ್ವಾಡ್ಯಾಗ ಇಟ್ಟಕೊಂಡ ಹೊಳ್ಯಾಗ ಹುಡುಕಿದಿವಿ. ತಗೀಲೇ ಉಡಚ!”

ಉಡಚಪ್ಪ ಎದ್ದು ಗೋಡೆಯ ಸಂದಿಗೆ ಕೈ ಹಾಕಿದ. ಅಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆ ಇತ್ತು. ಇನ್ನೊಂದು ಸಂದಿಯಲ್ಲಿ ಜೇಡರ ಬಲೆ. ಅವನು ಗೋಡೆಯನ್ನು ಮೇಲಿಂದ ಕೆಳತನಕ ಸವರಿದ, ಕುರುಡನೊಬ್ಬ ಮಗನ ಮುಖ ಸವರುವ ಹಾಗೆ. ಆಮೇಲೆ ಹಾಗೇ ನಿಂತುಬಿಟ್ಟ. ತಾನು ಇಷ್ಟು ವರ್ಷ ಏನು ಕಟ್ಟಿ ಏನನ್ನು ನೀರಿಗೆ ಹಾಕುತ್ತ ಬಂದೆ ಎಂಬುದು ಅವನಿಗೆ ಆಗ ತಿಳಿಯಿತು.

ಮರುದಿನವೇ ಬೆಟಗೇರಿಗೆ ಹೋದ. ಲಾಲಬಿ ತನ್ನ ಮನೆಯ ಪಡಸಾಲೆಯಲ್ಲಿ ಕೂದಲಿನ ರಾಶಿ ಹಾಕಿಕೊಂಡು ಕೂತಿದ್ದಳು. ಊರೂರ ತಲೆಗಳು ಅಲ್ಲಿ ಜಾತಿಪಾತಿ ಇಲ್ಲದೆ ಒಂದಾಗಿದ್ದವು.

“ದೇವಕ್ಕನ ಕೂದಲಾನ? ಯಾ ಅಲ್ಲಾ! ಅದು ಆವಾಗನ ರೈಲ ಹತ್ತಿ ಹೋತೋ ಉಡಚಣ್ಣಾ. ಈಗ ಯಾವ ನಾಟಕದ ರಾಣಿ ತಲಿಮ್ಯಾಲೆ ಕುಂತೈತೋ ಏನೋ.”

“ಮತ್ತ ಯಾರದರ ಕೆಂಚುಗೂದಲಾ ಇದ್ರ ಒಂದ ಎಳಿ ಕೊಡ ಬೇ. ಮಣ್ಣಿಗೆ ಬೇಕಾಗೈತಿ.”

ಲಾಲಬಿಯ ಕೈ ನಿಂತಿತು. “ಗಾಳಕ್ಕ ಅಂದ್ರ ಕೈತುಂಬ ತಗೊಂಡ ಹೋಗು. ಮಣ್ಣಿಗೆ ಅಂದ್ರ ಒಂದ ಎಳೀನೂ ಕೊಡೂದಿಲ್ಲ. ಜೀವಂತ ಇದ್ದವರ ಕೂದಲಾ ಸುಡಗಾಡಕ್ಕ ಹೋದ್ರ ಮಣ್ಣು ರುಚಿ ನೋಡತೈತಿ. ಆಮ್ಯಾಲೆ ಉಳದದ್ದನ್ನ ಕೇಳತೈತಿ. ನಾ ಈ ದಂಧೇದಾಗ ತಲಿ ಬೆಳ್ಳಗ ಮಾಡಕೊಂಡಾಕಿ, ನನ್ನ ಮಾತ ಕೇಳು.”

ಅವನು ಬರಿಗೈಲಿ ಮರಳಿದ. ಇನ್ನು ದೇವವ್ವ ಉಳಿದಿದ್ದರೆ ಒಂದೇ ಕಡೆ: ಗೌಡನ ಬಾಯಲ್ಲಿ.

ರೋಹಿಣಿ ಮಳೆ ಒಂದು ಸಂಜೆ ಸುರಿಯಿತು. ಮರುದಿನ ಬಿಸಿಲಿಗೆ ನೆಲ ಉಸಿರು ಬಿಟ್ಟಿತು. ಅರ್ಧ ಊರು ಆಗಲೇ ದಿಬ್ಬದ ಮೇಲಿತ್ತು; ಕೆಳಗಿನ ಮನೆಗಳು ಬಾಗಿಲು ಕಿತ್ತು ಬೋಳುಬಾಯಿ ಬಿಟ್ಟುಕೊಂಡಿದ್ದವು. ಇದೇ ಮಡುವಿನ ಮೇಲೆ ಮಳಿಹುಳ ಬೀಳುವ ಕಡೆಯ ಸಂಜೆ. ಉಡಚಪ್ಪ ಗಾಳ, ರೇಷ್ಮೆ ಎಲ್ಲ ಮುಂದಿಟ್ಟುಕೊಂಡು ಕೂತಿದ್ದ. ರೆಕ್ಕೆಗೆ ಏನೂ ಇರಲಿಲ್ಲ.

ಮಂಜವ್ವ ಜಡೆ ಬಿಚ್ಚಿ ಬಾಚಿಕೊಂಡಳು. ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ ಅವನ ಮುಂದೆ ಇಟ್ಟಳು.

“ಕರಿದೈತಲ್ಲವಾ,” ಅಂದ.

“ಸಂಜೀಕ ಎಲ್ಲಾನೂ ಕರಿದ ಕಾಣತೈತಿ. ಗೌಡಗ ಮುಪ್ಪಾಗೈತಿ, ಕಣ್ಣ ಮಂಜ ಇರತಾವ. ಕಟ್ಟ ಯಪ್ಪಾ.”

ಕಟ್ಟಿದ. ಅವನ ಕೈಯಿಂದ ಬಂದ ಹುಳಗಳಲ್ಲಿ ಅದೇ ಚೆಂದದ್ದು ಎನ್ನಬೇಕು. ಬಂಡೆಯ ಮೇಲಿಟ್ಟರೆ ಇರುವೆಗಳು ಅದನ್ನು ಹೊತ್ತು ನಡೆದವು.

ಹುತ್ತಗಳು ಹೊಗೆಯಾಡಿದವು. ಹುಳ ಎದ್ದು, ಹೊಳೆಯ ಮೇಲೆ ತೇಲಿ, ರೆಕ್ಕೆ ಉದುರಿಸಿ ನೀರಿಗೆ ಬಿತ್ತು. ಸಣ್ಣ ಮೀನುಗಳು ನೀರನ್ನು ಮಳೆ ಬಿದ್ದಂತೆ ಚುಕ್ಕಿ ಚುಕ್ಕಿ ಮಾಡಿದವು. ಉಡಚಪ್ಪ ಬಿದಿರಿನ ಗಳ ಎತ್ತಿ, ಹುಳವನ್ನು ಬಂಡೆಯ ನೆರಳಿಗೆ ಹಗುರಾಗಿ ಇಳಿಸಿದ. ಎಳೆಯಲಿಲ್ಲ, ಸಾಯುವ ಹುಳ ನಡುಗುವಷ್ಟೇ ನಡುಗಿಸಿದ. ಬಂಡೆಯಡಿಯ ನೀರು ಉಬ್ಬಿತು. ಗೌಡ ಅವಸರವಿಲ್ಲದೆ ಬಂದ, ಪಂಕ್ತಿಗೆ ತಡವಾಗಿ ಬಂದರೂ ಮೊದಲ ಎಲೆ ತನ್ನದೇ ಎನ್ನುವ ದೊಡ್ಡವರ ಹಾಗೆ, ಬಾಯಿ ತೆರೆದ, ಮುಚ್ಚಿದ.

ಆಮೇಲಿನ ಎಳೆದಾಟದ ಬಗ್ಗೆ ಊರಲ್ಲಿ ಹೇಳುವ ಕಥೆಗೆ ಕೊನೆಯಿಲ್ಲ. ಮೀನು ಅವನನ್ನು ಆಚೆ ದಂಡೆಗೆ ಎಳೆದೊಯ್ದು, ಅವನು ಅದನ್ನು ಈಚೆ ದಂಡೆಗೆ ತಂದು, ಎರಡು ಪ್ರಾಂತಗಳ ಗಡಿ ಮಾಸಿಹೋಯಿತು ಎನ್ನುತ್ತಾರೆ. ನಡೆದದ್ದು ಇಷ್ಟು: ಉಡಚಪ್ಪ ಕುತ್ತಿಗೆಮಟ್ಟ ನೀರಿಗಿಳಿದು, ದಾರ ಅಂಗೈ ಕೊಯ್ದು ಎಲುಬು ಮುಟ್ಟಿದರೂ ಬಿಡದೆ, ಮುದಿಮೀನು ಸೋತು ಮಗ್ಗುಲಾಗುವ ತನಕ ನಿಂತ. ಗೌಡ ನಿಜಕ್ಕೂ ಮುದಿಯಾಗಿತ್ತು.

ದಂಡೆಗೆಳೆದು ಬಾಯಿ ಬಿಡಿಸಿದ. ತುಟಿಯ ತುಂಬ ಹಳೆಯ ಗಾಳಗಳು, ಮುದುಕಿಯ ಕಿವಿಯ ವಾಲೆಗಳಂತೆ. ಹೋದ ವರ್ಷದ್ದೂ ಇತ್ತು. ತುಕ್ಕು ಹಿಡಿದಿತ್ತು, ರೇಷ್ಮೆಯ ಗಂಟು ಗಟ್ಟಿಯಾಗಿತ್ತು. ಕೂದಲು ಇರಲಿಲ್ಲ. ಹೊಳೆ ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡು ಹೋಗಿತ್ತು. ಅವನು ಚೂರಿ ತೆಗೆದು ಗೌಡನ ಗಂಟಲು ಸೀಳಿದ, ಹೊಟ್ಟೆ ಸೀಳಿದ. ಹೊಟ್ಟೆಯಲ್ಲಿ ಕೆಂಚಗೆ ಹೊಳೆಯುವ ಒಂದು ಮುದ್ದೆ! “ದೇವೀ,” ಅಂದ ಉಡಚಪ್ಪ, ದೊಡ್ಡ ದನಿಯಲ್ಲಿ. ಎರಡೂ ಕೈಯಲ್ಲಿ ಎತ್ತಿಕೊಂಡ. ಅವು ಮಳಿಹುಳದ ರೆಕ್ಕೆಗಳು. ಬೆರಳ ಸಂದಿಯಿಂದ ಪುಡಿಯಾಗಿ ಉದುರಿದವು.

ಮರುದಿನ ಮಣ್ಣು ಎಂದು ಊರಿಗೆ ಹೇಳಿಯಾಗಿತ್ತು. ಬೀಗರು ಆಚೆಯಿಂದ ಬರುವವರಿದ್ದರು. ತಪ್ಪಿದರೆ ಮದುವೆ ತಪ್ಪುತ್ತದೆ; ನೀರು ಬಂದ ಮೇಲೆ ಗುಂಡಿ ತೋಡಲು ನೆಲವೇ ಇರುವುದಿಲ್ಲ. ಹೊಸ ಊರಿನ ಸುಡುಗಾಡಿಗೆ ಮೊದಲ ಹೆಣವಾಗಿ ತನ್ನವರನ್ನು ಕಳಿಸಲು ಯಾರೂ ಒಪ್ಪುತ್ತಿರಲಿಲ್ಲ. ಉಡಚಪ್ಪ ಸೀಳಿದ ಮೀನಿನ ಪಕ್ಕದಲ್ಲಿ ಬಹಳ ಹೊತ್ತು ಕೂತ. ಲಾಲಬಿಯ ಮಾತು ನೆನಪಾಯಿತು. ಇರುವವಳ ಮದುವೆಯೂ ನೆನಪಾಯಿತು. ಕಡೆಗೆ ಹೊಸ ಗಾಳದಿಂದ ಮಂಜವ್ವನ ಕೂದಲನ್ನು ಬಿಡಿಸಿ, ಬಿಳಿ ಅರಿವೆಯ ಚೂರಿನಲ್ಲಿ ಗಂಟು ಕಟ್ಟಿದ.

ಹಳೆಯ ಸುಡುಗಾಡಿನಲ್ಲಿ, ಅತ್ತೆಯ ಮಗ್ಗುಲಲ್ಲಿ, ದೇವವ್ವನಿಗೆ ತೆಗ್ಗು ತೋಡಿದ್ದರು. ಮೊಲ ಹಿಡಿಸದಷ್ಟು ಸಣ್ಣದು. ಹೇಮಪ್ಪ ಗಂಟು ಬಿಚ್ಚಿ ನೋಡಿದ.

“ಅಲ್ಲಲೇ ಉಡಚ, ದೇವವ್ವ ಕೆಂಚಿ ಇದ್ಲಲ್ಲೋ?”

“ಹೊಳ್ಯಾಗ ಕುಂತ ಕಬ್ಬಿಣಾನ ಕರ್ರಗಾಗತೈತ್ರಿ,” ಅಂದ ಉಡಚಪ್ಪ. “ಕೂದಲಾ ಬಿಡತೈತೇನು?”

ಬೀಗರು ತಲೆಯಾಡಿಸಿದರು. ಹೌದಲ್ಲ, ವರ್ಷಗಟ್ಟಲೆ ನೀರು. ಮಂಜವ್ವ ಗಂಟಿನತ್ತ ನೋಡಿದಳು. ಆಕೆಯ ಕೈ ತಾನೇ ತಾನಾಗಿ ಜಡೆಗೆ ಹೋಯಿತು. ಮತ್ತೆ ಆ ಕೈಯಿಂದಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಜಡೆ ಕಾಣದಂತೆ ಮುಚ್ಚಿಕೊಂಡಳು. ಗಂಡುಮಕ್ಕಳಿಲ್ಲದ ಮನೆ, ಮೊದಲ ಹಿಡಿ ಮಣ್ಣು ಆಕೆಯೇ ಹಾಕಬೇಕು. ಬಗ್ಗಿ ಹಾಕಿದಳು.

ಮರಳುವಾಗ ಅಪ್ಪನ ಹಿಂದೆ ನಡೆಯುತ್ತ, “ಗೌಡ ಅಂತೂ ಸಿಕ್ಕ ಅಲ್ಲ ಯಪ್ಪಾ?” ಅಂದಳು.

“ಸಿಕ್ಕ.”

“ಆತು ಬಿಡು. ಅಷ್ಟ ಸಾಕು.”

ಅದಕ್ಕಿಂತ ಹೆಚ್ಚಿನ ಮಾತು ಅವರಿಬ್ಬರ ನಡುವೆ ಆಗಲೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅಕ್ಕಿಕಾಳು ಬಿತ್ತು. ಮಂಜವ್ವ ಆಚೆ ದಂಡೆಗೆ ಹೋದಳು. ಆಷಾಢ ಕಳೆಯುವುದರೊಳಗೆ ನೀರು ಬಂತು. ಅದು ಹೊಳೆಯ ಹಾಗೆ ಬಂದು ಹೋಗುವ ನೀರಲ್ಲ, ಬಂದು ಕೂಡುವ ನೀರು. ಬಂಡೆ, ಮಡು, ಮನೆಗಳು, ಸುಡುಗಾಡು ಎಲ್ಲ ಅದರಡಿ ಹೋದವು. ಎಲ್ಲರೂ ಒಂದು ಹಿಡಿ ಮಣ್ಣು ತಂದಿದ್ದರು, ಉಡಚಪ್ಪ ತರಲಿಲ್ಲ. ಆ ಮಣ್ಣನ್ನು ಮನೆಗೆ ತರುವ ಧೈರ್ಯ ಅವನಿಗಿರಲಿಲ್ಲ.

ಕನ್ನಡ ಮಾತಾಡುವವರನ್ನೆಲ್ಲ ಒಂದೇ ರಾಜ್ಯಕ್ಕೆ ಹಾಕುತ್ತಾರಂತೆ, ನೀರಿನ ಎರಡೂ ದಂಡೆಗೆ ಒಂದೇ ಸರಕಾರವಂತೆ ಎಂದು ಗದಗಿನಿಂದ ಬಂದವರೆಲ್ಲ ಸುದ್ದಿ ಹೇಳುತ್ತಿದ್ದ ವರ್ಷ ಮಂಜವ್ವ ಬಸುರಾದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಉಡಚಪ್ಪ ಕರೆಯಲು ಹೋಗಲಿಲ್ಲ.

“ನಾಚಿಕಿ ಇಲ್ಲೇನಲೇ?” ಎಂದು ಹೇಮಪ್ಪ ಬೈದ. “ಹಡದ ಮಗಳನ್ನ ಕರಕೊಂಡ ಬರಾಕ ಏನ ಧಾಡಿ ನಿನಗ? ಅಲ್ಲಿ ಆಕಿ ಅತ್ತಿ ಹಾಸಿಗಿ ಹಿಡದಾಳ, ನೋಡವರಿಲ್ಲ.”

“ನೀರ ಆಚಿ ಇರಲಿ ಹೇಮಣ್ಣಾರ. ಕರದ್ರೂ ಕೇಳಬಾರದು.”

“ಯಾರ ಕರೀತಾರೋ?”

ಉಡಚಪ್ಪ ಹಳೆಯ ಸುಡುಗಾಡು ಮುಳುಗಿದ ಕಡೆಗೆ ಬೆನ್ನು ಹಾಕಿ ಕೂತ. ಮುದುಕನಿಗೆ ಜಿಪುಣತನ ಬಂದಿದೆ ಎಂದು ಮಂದಿ ಆಡಿಕೊಂಡರು.

ಮುಂಗಾರು ಬಿದ್ದ ಮರುದಿನ ಆಚೆಯಿಂದ ಖಬರ ಬಂತು: ನೋವು ಹತ್ತಿದೆ, ಕೂಸು ಅಡ್ಡ ಕೂತಿದೆ, ಸೂಲಗಿತ್ತಿ ಕೈ ಚೆಲ್ಲಿದ್ದಾಳೆ. ಉಡಚಪ್ಪ ಮಗಳ ಕಡೆಗೆ ಹೊರಡಲಿಲ್ಲ. ಹರಗೋಲು ಹತ್ತಿ, ದಿಬ್ಬದ ಬೇವಿನಮರವನ್ನೂ ಮುಳುಗಿದ ಗುಡಿಯ ಕಳಸವನ್ನೂ ಗುರುತು ಹಿಡಿದು, ಹಳೆಯ ಸುಡುಗಾಡಿನ ಮೇಲೆ ಹೋಗಿ ನಿಂತ. ಉದ್ದನೆಯ ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿ ತಳಕ್ಕೆ ಬಿಟ್ಟು ಎಳೆಯತೊಡಗಿದ. ಕೆಸರು ಬಂತು, ಬೇರು ಬಂತು, ಯಾರದೋ ಗಡಿಗೆಯ ಕಂಠ ಬಂತು. ಬಿಳಿ ಅರಿವೆ ಬರಲಿಲ್ಲ. ಮತ್ತೆ ಬಿಟ್ಟ. ಹೊತ್ತು ಇಳಿಯಿತು. ದಿಬ್ಬದ ಹುತ್ತಗಳಿಂದ ಮಳಿಹುಳ ಎದ್ದವು.

ಅಳಿಯನ ತಮ್ಮ ಹನಮಪ್ಪ ಹುಟ್ಟುಹಾಕುತ್ತ ಬಂದು ಹರಗೋಲನ್ನು ಪಕ್ಕಕ್ಕೆ ತಂದ. ಹುಡುಗನ ಮುಖ ಬಾತುಕೊಂಡಿತ್ತು.

“ಮಾವಾ, ಅತ್ತಿಗೆವ್ವ ಹೋದ್ಲು. ಕೂಸೂ ಉಳೀಲಿಲ್ಲ. ಮಣ್ಣಿಗೆ ನಡಿ.”

ಉಡಚಪ್ಪ ತಲೆ ಎತ್ತಲಿಲ್ಲ. ಹಗ್ಗ ಬೆರಳಿಗೆ ಹೇಳುವುದನ್ನು ಕೇಳುವವನಂತೆ ಬಗ್ಗಿಯೇ ಇದ್ದ.

“ಆಕಿ ಮಣ್ಣ ಆಗೇತಿ ತಮ್ಮಾ,” ಅಂದ. “ನಾನ ಮಾಡೇನಿ. ಇಲ್ಲೇ ತೆಳಗ ಅದಾಳ. ಎಬ್ಬಸಾಕ ಹತ್ತೇನಿ, ತಡಿ.”

ಸುತ್ತ ನೀರಿನ ಮೇಲೆಲ್ಲ ಮಳಿಹುಳ ಬೀಳುತ್ತಿದ್ದವು. ರೆಕ್ಕೆ ಉದುರಿ ಉದುರಿ ನೀರು ಕೆಂಚಗಾಯಿತು. ತಿನ್ನಲು ಒಂದು ಮೀನೂ ಮೇಲೆ ಬರಲಿಲ್ಲ.